ಮಗ್ಗದೆರೆ, ಮೊಹತರ್ಫಾ, ಮಾಫಿ

ಮಹಾನವಮಿಯ ದಿನ ನಮ್ಮ ಜತ್ತ ಸೀಮೆಯ ಯಾವ ಹಳ್ಳಿಗೆ ಹೋದರೂ ಖಂಡೇಪೂಜೆಯ ಸಂಭ್ರಮ ಕಣ್ಣಿಗೆ ಬೀಳುತ್ತದೆ. ಕಂಬಾರನು ಅಂದು ತಿದಿಯನ್ನು ಊದುವದಿಲ್ಲ. ಅಡಿಗಲ್ಲನ್ನು ತೊಳೆದು, ಸುತ್ತಿಗೆ ಇಕ್ಕುಳಗಳನ್ನು ಅದರ ಮೇಲಿರಿಸಿ, ಕುಂಕುಮ ಹಚ್ಚಿ ಕೈಮುಗಿಯುತ್ತಾನೆ. ಬಡಿಗನ ಉಳಿ ಬಾಚಿಗಳಿಗೆ, ಕುಂಬಾರನ ತಿಗರಿಗೆ, ನೇಕಾರನ ಲಾಳಿಗೆ, ಕ್ಷೌರಿಕನ ಕತ್ತಿ ಕನ್ನಡಿಗಳಿಗೆ, ಸಮಗಾರನ ರಂಪಿಗೆಗೆ ಅಂದು ಹೂವು ಏರುತ್ತದೆ. ಅರಸನು ಖಡ್ಗವನ್ನು ಪೂಜಿಸಿದಂತೆ ಕಸಬುದಾರನು ತನ್ನ ಹತ್ಯಾರವನ್ನು ಪೂಜಿಸುತ್ತಾನೆ. ಅರಸನಿಗೆ ಖಡ್ಗದಿಂದ ರಾಜ್ಯ. ಇವನಿಗೆ ಹತ್ಯಾರದಿಂದ ರೊಟ್ಟಿ.

ಹೀಗೆ ವರ್ಷಕ್ಕೊಮ್ಮೆ ಹೂವು ಏರಿಸಿಕೊಂಡ ಈ ಹತ್ಯಾರಗಳ ಮೇಲೆ ಒಂದು ಕಾಲಕ್ಕೆ ತೆರಿಗೆಯೂ ಏರಿತ್ತೆಂಬದನ್ನು ನಾವು ಮರೆತಿದ್ದೇವೆ. ಮಗ್ಗಕ್ಕೆ ಒಂದು ತೆರೆ, ಗಾಣಕ್ಕೆ ಒಂದು ತೆರೆ, ಅಂಗಡಿಗೆ ಒಂದು, ಕಸಬಿಗೆ ಒಂದು. ಅದು ಹೇಗೆ ಬಂತು, ಯಾರು ಯಾರಿಗೆ ಅದರಿಂದ ಬಿಡುಗಡೆ ಕೊಟ್ಟರು, ಆ ಬಿಡುಗಡೆಯ ಬೆಲೆಯನ್ನು ಕೊನೆಗೆ ಯಾರು ತೆತ್ತರು? ಅರಸರ ಯುದ್ಧಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು ಈ ಪ್ರಶ್ನೆಗಳನ್ನು ಅವರ ಮುಂದೆ ಇಡುವದು ಕಡಿಮೆ. ನಮ್ಮ ಶಾಲೆಗಳಲ್ಲಿ ಕೂಡುವ ಹುಡುಗ ಹುಡುಗಿಯರಲ್ಲಿ ಅನೇಕರು ಕಸಬಿನ ಮನೆಗಳಿಂದಲೇ ಬಂದವರು. ಅವರ ಮನೆಯ ಮೂಲೆಯಲ್ಲಿರುವ ಹತ್ಯಾರಕ್ಕೂ ಒಂದು ಇತಿಹಾಸ ಉಂಟು. ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲು ಯತ್ನಿಸುತ್ತೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ತೆರಿಗೆ ಎಂದರೆ ಎಲ್ಲವೂ ಒಂದೇ ಬಗೆಯದಲ್ಲ. ಬೆಳೆದ ಬೆಳೆಯಲ್ಲಿ ಪಾಲು ಕೇಳುವದು ಒಂದು ಬಗೆ. ಮಾರಿದ ಸರಕಿನ ಮೇಲೆ ಸುಂಕ ಕೇಳುವದು ಇನ್ನೊಂದು. ಇವೆರಡರಲ್ಲಿಯೂ ಬೆಳೆದರೆ ಉಂಟು, ಮಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಹತ್ಯಾರದ ಮೇಲಿನ ತೆರಿಗೆ ಹಾಗಲ್ಲ. ಮಗ್ಗವು ನಡೆಯಲಿ, ನಿಲ್ಲಲಿ, ಅದು ಮನೆಯಲ್ಲಿ ಇದೆ ಎಂಬ ಕಾರಣಕ್ಕೇ ತೆರಿಗೆ ಬೀಳುತ್ತದೆ. ಬರ ಬಂದು ನೂಲು ಸಿಗದೆ, ಸೀರೆ ಕೊಳ್ಳುವವರಿಲ್ಲದೆ, ನೇಕಾರನು ಕುಣಿಯ ಅಂಚಿನಲ್ಲಿ ಕೈಕಟ್ಟಿ ಕುಳಿತ ವರ್ಷವೂ ಮಗ್ಗದೆರೆ ತಪ್ಪುವದಿಲ್ಲ. ದುಡಿಮೆ ನಿಂತಾಗಲೂ ನಿಲ್ಲದಿರುವದೇ ಈ ತೆರಿಗೆಯ ಕಾಠಿಣ್ಯ.

ಹಾಗಾದರೆ ಆಳುವವರು ಇಂಥ ತೆರಿಗೆಯನ್ನು ಏಕೆ ಹಾಕಿದರು? ಕಾರಣ ಸರಳವಾಗಿದೆ. ಗಳಿಕೆ ಕಣ್ಣಿಗೆ ಕಾಣುವದಿಲ್ಲ, ಹತ್ಯಾರ ಕಾಣುತ್ತದೆ. ನೇಕಾರನು ವರ್ಷಕ್ಕೆ ಎಷ್ಟು ಗಳಿಸಿದನೆಂದು ಯಾವ ಅಧಿಕಾರಿಯೂ ಅಳೆದು ಹೇಳಲಾರನು. ಆದರೆ ಕುಣಿಯಲ್ಲಿ ಊರಿದ ಮಗ್ಗವನ್ನು, ನೆಲದಲ್ಲಿ ನಿಲ್ಲಿಸಿದ ಕಲ್ಲುಗಾಣವನ್ನು ಯಾರೂ ಬಚ್ಚಿಡಲಾರರು. ಊರಿನಲ್ಲಿ ಒಂದು ಸುತ್ತು ಬಂದರೆ ಎಣಿಕೆ ಮುಗಿಯಿತು. ಎಣಿಸಲು ಸುಲಭವಾದದ್ದರ ಮೇಲೆ ತೆರಿಗೆ ಬೀಳುತ್ತದೆ. ಅದು ನ್ಯಾಯವೋ ಅಲ್ಲವೋ ಎಂಬ ವಿಚಾರ ಆಮೇಲಿನದು. ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಇಂಗ್ಲಂಡಿನಲ್ಲಿ 1696ರಿಂದ 1851ರವರೆಗೆ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ಜನರು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿ ಕತ್ತಲಲ್ಲಿ ಬಾಳಿದರು. ಕಿಟಕಿಯನ್ನಾದರೂ ಮುಚ್ಚಬಹುದು, ಮಗ್ಗವನ್ನು ಮುಚ್ಚಿದರೆ ಅನ್ನವನ್ನೇ ಮುಚ್ಚಿದಂತೆ.

ನಮ್ಮ ಪ್ರಾಚೀನರಿಗೆ ಈ ವಿವೇಕ ಇದ್ದಿರಲಿಲ್ಲವೆಂದು ಹೇಳುವಂತಿಲ್ಲ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಬಂದ ಮೆಗಾಸ್ಥನೀಸನ ವೃತ್ತಾಂತವನ್ನು ಆಧರಿಸಿ ಬರೆದ ಗ್ರೀಕ ಲೇಖಕರು, ಆಯುಧ ಮತ್ತು ಉಪಕರಣಗಳನ್ನು ಮಾಡುವ ಕುಶಲಕರ್ಮಿಗಳಿಗೆ ತೆರಿಗೆಯ ವಿನಾಯಿತಿ ಇದ್ದಿತೆಂದೂ, ಅವರಿಗೆ ರಾಜಭಂಡಾರದಿಂದ ಪೋಷಣೆಯೂ ಸಿಗುತ್ತಿತ್ತೆಂದೂ ಹೇಳಿದ್ದಾರೆ. ಮನುಸ್ಮೃತಿಯು ಕಾರುಕರಿಂದಲೂ ಶಿಲ್ಪಿಗಳಿಂದಲೂ ಅರಸನು ತಿಂಗಳಿಗೆ ಒಂದು ದಿನದ ಕೆಲಸವನ್ನು ಪಡೆಯಬಹುದೆಂದು ವಿಧಿಸುತ್ತದೆ. ಇದು ಬಿಟ್ಟಿಯೇ ಸರಿ. ಆದರೂ ಒಂದು ಮಿತಿಯುಳ್ಳದ್ದು. ಕೈಯ ದುಡಿಮೆಯಲ್ಲಿ ಪಾಲು ಕೇಳಿತೇ ಹೊರತು ಕೈಯಲ್ಲಿರುವ ಉಳಿಯ ಮೇಲೆ ಬೆಲೆ ಕಟ್ಟಲಿಲ್ಲ.

ಕನ್ನಡ ನಾಡಿನ ಶಾಸನಗಳಿಗೆ ಬಂದರೆ ಚಿತ್ರ ಇನ್ನಷ್ಟು ಸ್ಫುಟವಾಗುತ್ತದೆ. ಹಿಂದೆ ಪುಲಿಗೆರೆ ಎನಿಸಿದ ಲಕ್ಷ್ಮೇಶ್ವರದಲ್ಲಿ 8ನೆಯ ಶತಮಾನದ ಮೊದಲ ಭಾಗದ ಒಂದು ಶಾಸನವಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಅಲ್ಲಿಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕಟ್ಟಿಕೊಟ್ಟ ಆಚಾರವ್ಯವಸ್ಥೆಯನ್ನು ಅದು ಹೇಳುತ್ತದೆ. ಅಲ್ಲಿ ಮನೆತನಗಳನ್ನು ಅವುಗಳ ಶಕ್ತಿಗೆ ಅನುಸಾರವಾಗಿ ದರ್ಜೆಗಳಾಗಿ ವಿಂಗಡಿಸಿ, ಹೆಚ್ಚಿನವರಿಗೆ ಹೆಚ್ಚು, ಕಡಿಮೆಯವರಿಗೆ ಕಡಿಮೆ ಎಂದು ತೆರಿಗೆಯನ್ನು ಗೊತ್ತುಮಾಡಿದೆ. ಕಂಚುಗಾರರ ಶ್ರೇಣಿಯ ಉಲ್ಲೇಖವೂ ಅದರಲ್ಲಿದೆ. ಶಕ್ತಿಯನ್ನು ನೋಡಿ ತೆರಿಗೆ ಹಾಕಬೇಕೆಂಬ ತತ್ತ್ವವು ಪಾಶ್ಚಾತ್ಯರ ಗ್ರಂಥಗಳಿಂದ ನಮಗೆ ಮೊದಲ ಬಾರಿಗೆ ಬಂದದ್ದೆಂದು ತಿಳಿಯುವವರು ಈ ಶಾಸನವನ್ನೊಮ್ಮೆ ನೆನೆಯಬೇಕು.

ಆ ಬಳಿಕದ ಶತಮಾನಗಳ ಶಾಸನಗಳಲ್ಲಿ ತೆರಿಗೆಗಳ ಹೆಸರು ಹೆಚ್ಚುತ್ತ ಹೋಗುತ್ತದೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಮನೆದೆರೆ, ಮಗ್ಗದೆರೆ, ಗಾಣದೆರೆ ಮುಂತಾದ ಮಾತುಗಳು ಚಾಲುಕ್ಯ, ಹೊಯ್ಸಳ, ವಿಜಯನಗರಗಳ ಕಾಲದ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇವುಗಳ ಜೊತೆಗೇ ವಿನಾಯಿತಿಯ ಮಾತುಗಳೂ ಇವೆ: ಸರ್ವನಮಸ್ಯ, ಸರ್ವಮಾನ್ಯ, ಸರ್ವಬಾಧಾಪರಿಹಾರ. ದೇವಸ್ಥಾನಕ್ಕೆ ಭೂಮಿಯನ್ನು ಬಿಡುವಾಗ ಒಂದು ಹೂದೋಟವನ್ನೂ ಒಂದು ಗಾಣವನ್ನೂ ಜೊತೆಗೆ ಬಿಟ್ಟ ಉದಾಹರಣೆಗಳು ಹೇರಳವಾಗಿವೆ. ತೆಲ್ಲಿಗರ ಐವತ್ತೊಕ್ಕಲು ಎಂದು ಹೆಸರಾದ ಎಣ್ಣೆಗಾರರ ಸಂಘವು ತಾನೇ ಕೂಡಿ, ಗಾಣವೊಂದಕ್ಕೆ ಇಷ್ಟು ಎಣ್ಣೆ ಎಂದು ದೇವರ ನಂದಾದೀವಿಗೆಗೆ ಗೊತ್ತುಮಾಡುತ್ತಿತ್ತು. ಇದು ತಾವೇ ಒಪ್ಪಿ ಹಾಕಿಕೊಂಡ ತೆರಿಗೆ.

ನಮ್ಮ ನೆರೆಯ ಇಂಡಿ ತಾಲೂಕಿನ ಸಾಲೋಟಗಿಯ ಶಾಸನವನ್ನು ಶಿಕ್ಷಕರಾದ ನಾವು ಎಂದಿಗೂ ಮರೆಯಲಾಗದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ನೆಯ ಇಸ್ವಿಯ ಆ ಶಾಸನವು ಅಲ್ಲಿಯ ವಿದ್ಯಾಶಾಲೆಗೆ ಬಿಟ್ಟ ಭೂಮಿಯನ್ನೂ, ವಿದ್ಯಾರ್ಥಿಗಳಿಗಾಗಿ ಕೊಟ್ಟ 27 ಮನೆಗಳನ್ನೂ, ದೀಪಕ್ಕೆಂದೇ ಬಿಟ್ಟ 12 ನಿವರ್ತನ ನೆಲವನ್ನೂ ಹೇಳುತ್ತದೆ. ಊರಿನವರು ಮದುವೆ ಮುಂಜಿವೆಗಳಲ್ಲಿ ಶಾಲೆಗೆಂದು ಇಷ್ಟಿಷ್ಟು ಕೊಡಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಇಲ್ಲಿ ಊರಿನವರಿಂದ ಕೇಳಿದ್ದು ಸಂತೋಷದ ದಿನದ ಕಾಣಿಕೆಯನ್ನು. ತೆರಿಗೆಯನ್ನು ಯಾವಾಗ ಕೇಳಬೇಕೆಂಬದಕ್ಕೂ ಒಂದು ಹದವಿದೆ. ಕೊಡುವವನ ಕೈ ತುಂಬಿದ ಹೊತ್ತಿಗೆ ಕೇಳುವದೇ ಆ ಹದ.

ಆದರೂ ಆ ಕಾಲದ ವಿನಾಯಿತಿಗಳ ಸ್ವರೂಪವನ್ನು ವಿಮರ್ಶಿಸಿ ನೋಡಬೇಕು. ದೇವರಿಗೆ ಬಿಟ್ಟ ಗಾಣಕ್ಕೆ ತೆರೆ ಇಲ್ಲ, ಪಕ್ಕದ ಓಣಿಯ ಗಾಣಿಗನ ಗಾಣಕ್ಕೆ ತೆರೆ ಉಂಟು. ಅಂದರೆ ವಿನಾಯಿತಿ ಸಿಕ್ಕಿದ್ದು ಒಡೆಯನ ಹೆಸರಿಗೆ. ಹತ್ಯಾರಕ್ಕೂ ಅಲ್ಲ, ಅದನ್ನು ಹಿಡಿದ ಕೈಗೂ ಅಲ್ಲ. ಮಂಗಳವೇಢೆ ಕಲ್ಯಾಣಗಳ ಸೀಮೆಯಲ್ಲಿ 12ನೆಯ ಶತಮಾನದಲ್ಲಿ ಶರಣರು ಕಾಯಕಕ್ಕೆ ಕೊಟ್ಟ ಘನತೆಯನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಿದರೆ ಅದರ ಮಹತ್ತ್ವ ತಿಳಿಯುತ್ತದೆ. ಅವರ ಹೆಸರುಗಳಲ್ಲಿಯೇ ಹತ್ಯಾರಗಳ ಸದ್ದು ಕೇಳಿಸುತ್ತದೆ: ಮೇದರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ. ಅವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನು ನೇಕಾರನು. ನಮ್ಮ ತಾಲೂಕಿನ ಜಾಡರ ಬಬಲಾದ ಎಂಬ ಊರಿನ ಹೆಸರನ್ನು ನಾವು ದಿನವೂ ಆಡುತ್ತೇವೆ. ಜಾಡ ಎಂದರೆ ನಮ್ಮ ಕಡೆಯ ಮಾತಿನಲ್ಲಿ ನೇಕಾರನೆಂದು ಎಷ್ಟು ಮಕ್ಕಳಿಗೆ ಗೊತ್ತು?

ಇಡಿಯ ಕಸಬಿಗೇ ವಿನಾಯಿತಿ ದೊರೆತ ಪ್ರಸಿದ್ಧ ಉದಾಹರಣೆಯೊಂದು ವಿಜಯನಗರದ ಕಾಲದ್ದು. ಸದಾಶಿವರಾಯನು ಸಿಂಹಾಸನದಲ್ಲಿದ್ದು ಅಳಿಯ ರಾಮರಾಯನು ರಾಜ್ಯಭಾರ ನಡೆಸುತ್ತಿದ್ದ 1540ರ ದಶಕದಲ್ಲಿ, ಬಾದಾಮಿಯ ಕೊಂಡೋಜನೆಂಬ ನಾವಿದನು ರಾಮರಾಯನ ಮೆಚ್ಚಿಗೆ ಪಡೆದು, ತನ್ನ ಕಸಬಿನವರ ಮೇಲಿನ ತೆರಿಗೆಯನ್ನೂ ಬಿಟ್ಟಿಯನ್ನೂ ಮಾಫಿ ಮಾಡಿಸಿಕೊಂಡನು. ಬಾದಾಮಿಯಲ್ಲಿ ಮಾತ್ರವಲ್ಲ, ಸಾಮ್ರಾಜ್ಯದ ಕನ್ನಡ ಮತ್ತು ತೆಲುಗು ಸೀಮೆಗಳ ಅನೇಕ ಕಡೆಗಳಲ್ಲಿ ಈ ಮಾಫಿಯನ್ನು ಸಾರುವ ಕಲ್ಲುಗಳನ್ನು ನೆಡಲಾಯಿತು. ಒಬ್ಬ ಕ್ಷೌರಿಕನು ತನಗಾಗಿ ಭೂಮಿಯನ್ನೋ ಹೊನ್ನನ್ನೋ ಬೇಡಬಹುದಾಗಿದ್ದಿತು. ಅವನ ಹೆಸರಿಗೆ ಬಂದದ್ದಾದರೋ ಎಲ್ಲ ಕ್ಷೌರಿಕರ ಬಿಡುಗಡೆ. ಅರಸರ ದಿಗ್ವಿಜಯಗಳನ್ನು ಹೊಗಳುವ ಶಾಸನಗಳ ನಡುವೆ ಈ ಕಲ್ಲುಗಳು ನಮಗೆ ಹೆಚ್ಚು ಪ್ರಿಯವಾಗಿವೆ. ಆದರೂ ಇದು ಅರಸನ ಮೆಚ್ಚಿಗೆಯಿಂದ ಬಂದದ್ದು, ಹಕ್ಕಿನಿಂದ ಬಂದದ್ದಲ್ಲ. 1565ರ ಯುದ್ಧದಲ್ಲಿ ರಾಮರಾಯನು ಮಡಿದನು. ಮೆಚ್ಚಿದವನು ಹೋದ ಮೇಲೆ ಮೆಚ್ಚಿಗೆಯ ಬಲವೆಷ್ಟು?

ಆದಿಲಶಾಹಿ, ಮೊಗಲ, ಮರಾಠ ಆಳ್ವಿಕೆಗಳಲ್ಲಿ ಹಳೆಯ ತೆರೆಗಳಿಗೆ ಹೊಸ ಹೆಸರು ಬಂತು. ಕಸಬು ಎಂಬರ್ಥದ ಅರಬೀ ಮಾತಿನಿಂದ ಹುಟ್ಟಿದ ಮೊಹತರ್ಫಾ ಎಂಬ ಶಬ್ದವು ಮನೆ, ಅಂಗಡಿ, ಮಗ್ಗ, ಗಾಣ, ಕಸಬುಗಳ ಮೇಲಿನ ತೆರಿಗೆಗಳಿಗೆಲ್ಲ ಒಂದೇ ಹೆಸರಾಯಿತು. ಹಳ್ಳಿಯ ಕಂಬಾರ, ಬಡಿಗ, ಕುಂಬಾರ, ಕ್ಷೌರಿಕ ಮೊದಲಾದ ಆಯಗಾರರು ರೈತನ ಕಣದಲ್ಲಿ ಸುಗ್ಗಿಗೆ ತಮ್ಮ ಆಯವನ್ನು ಪಡೆಯುತ್ತಿದ್ದರು. ಇದಕ್ಕೆ ಮರಾಠಿಯಲ್ಲಿ ಬಲುತೆ ಎನ್ನುವರು. ಈ ಬಲುತೆಯ ಮೇಲೂ ಸರಕಾರದ ತೆರಿಗೆ ಬಿತ್ತು. ರೈತನು ಒಮ್ಮೆ ಭೂಕಂದಾಯ ತೆತ್ತ ಧಾನ್ಯದಿಂದಲೇ ಕಂಬಾರನ ಆಯ ಬರಬೇಕು. ಆ ಆಯದಿಂದ ಕಂಬಾರನು ಮತ್ತೆ ತೆರಬೇಕು. ಒಂದೇ ರಾಶಿಗೆ ಎರಡು ಸಲ ಕೊಳಗ ಇಟ್ಟಂತೆ ಇದು.

ಪೇಶವೆಯರ ರಾಜ್ಯವು 1818ರಲ್ಲಿ ಮುಗಿದ ಮೇಲೆ ಕುಂಪಣಿ ಸರಕಾರವೂ ಈ ತೆರಿಗೆಗಳನ್ನು ಹಾಗೆಯೇ ನಡೆಸಿಕೊಂಡು ಬಂದಿತು. ಕೊನೆಗೆ 1844ರ 19ನೆಯ ಕಾಯಿದೆಯಿಂದ ಮುಂಬಯಿ ಇಲಾಖೆಯಲ್ಲಿ ಪೇಟೆಯ ಸುಂಕಗಳು, ಮೊಹತರ್ಫಾ, ಬಲುತೆಯ ಮೇಲಿನ ತೆರಿಗೆ, ಮತ್ತು ಯಾವ ಹೆಸರಿನಿಂದಲಾದರೂ ಕಸಬು ವ್ಯಾಪಾರಗಳ ಮೇಲೆ ಬೀಳುತ್ತಿದ್ದ ಎಲ್ಲ ಪಟ್ಟಿಗಳು ರದ್ದಾದವು. ಧಾರವಾಡ ಬೆಳಗಾವಿಗಳ ನೇಕಾರನ ಮಗ್ಗಕ್ಕೂ ಗಾಣಿಗನ ಗಾಣಕ್ಕೂ ಅಂದು ಬಿಡುಗಡೆಯಾಯಿತು. ದೇವರ ಹೆಸರಿನಿಂದಲ್ಲ, ಅರಸನ ಮೆಚ್ಚಿಗೆಯಿಂದಲೂ ಅಲ್ಲ. ಕಾಯಿದೆಯ ಒಂದು ವಾಕ್ಯದಿಂದ.

ಇಲ್ಲಿಗೆ ಕಥೆಯನ್ನು ಮುಗಿಸಿ ಜಯಕಾರ ಹಾಕಬಹುದಾಗಿದ್ದಿತು. ಆದರೆ ಇತಿಹಾಸವು ಲೆಕ್ಕದ ಎರಡೂ ಬದಿಗಳನ್ನು ಓದಬೇಕೆನ್ನುತ್ತದೆ. ಕಳೆದುಕೊಂಡ ಉತ್ಪನ್ನವನ್ನು ತುಂಬಿಕೊಳ್ಳಲು ಸರಕಾರವು ಅದೇ 1844ರಲ್ಲಿ ಉಪ್ಪಿನ ಸುಂಕವನ್ನು ಮಣಕ್ಕೆ 8 ಆಣೆಯಿಂದ 1 ರೂಪಾಯಿಗೆ ಏರಿಸಿತು. ಸುರತ ಪಟ್ಟಣದಲ್ಲಿ ಆಗಸ್ಟ ತಿಂಗಳಲ್ಲಿ ಜನರು ದೊಂಬಿ ಎದ್ದರು. ಆ ಮೇಲೆ ಸುಂಕವನ್ನು 12 ಆಣೆಗೆ ಇಳಿಸಲಾಯಿತು. ಹಳೆಯ 8 ಆಣೆಗೆ ಅಲ್ಲ. ಅಂದರೆ ಮಗ್ಗದ ಮೇಲಿನ ಭಾರ ಗಡಿಗೆಯ ಮೇಲೆ ಬಿದ್ದಿತು. ನೇಕಾರನು ಮಗ್ಗಕ್ಕೆ ತೆರುವದನ್ನು ಬಿಟ್ಟು ತನ್ನ ಗಂಜಿಯ ಉಪ್ಪಿಗೆ ತೆರತೊಡಗಿದನು. ಅವನೊಡನೆ ಮಗ್ಗವೂ ಇಲ್ಲದ, ಗಾಣವೂ ಇಲ್ಲದ, ಕೂಲಿಯನ್ನೇ ನಂಬಿದ ಬಡವಳೂ ತೆತ್ತಳು. ಒಂದು ವರ್ಗಕ್ಕೆ ಸಿಕ್ಕ ಮಾಫಿಯ ಬೆಲೆಯನ್ನು ಇನ್ನೊಂದು ವರ್ಗವು ಅರಿವಿಲ್ಲದೆ ತೆರುವದುಂಟು. ವಿದ್ಯಾರ್ಥಿಗಳು ಯಾವ ವಿನಾಯಿತಿಯ ಸುದ್ದಿಯನ್ನು ಓದಿದರೂ ಕೇಳಬೇಕಾದ ಮೊದಲನೆಯ ಪ್ರಶ್ನೆ ಇದು: ಇಳಿದ ಭಾರ ಎಲ್ಲಿಗೆ ಹೋಯಿತು?

ಇನ್ನು ನಮ್ಮ ಜತ್ತದ ಮಾತು. ಡಫಳಾಪುರದ ಪಾಟೀಲಕಿಯಿಂದ ಮೇಲೇರಿದ ಡಫಳೆ ಮನೆತನದವರು ಆಳಿದ ಈ ಸೀಮೆ ಅಂದು ಸಾತಾರಾ ಛತ್ರಪತಿಗಳಿಗೆ ಒಳಪಟ್ಟ ಜಹಗೀರಿಯಾಗಿದ್ದಿತು. ಇಲ್ಲಿಯ ಜಹಗೀರದಾರರೊಡನೆ ಇಂಗ್ರಜರು 1820ರಲ್ಲಿ ಕರಾರು ಮಾಡಿಕೊಂಡಿದ್ದರು. 1848ರಲ್ಲಿ ಸಾತಾರಾ ರಾಜ್ಯವು ಖಾಲಸಾ ಆದ ಬಳಿಕ ಜತ್ತವು ನೇರವಾಗಿ ಇಂಗ್ರಜರ ಮೇಲ್ವಿಚಾರಣೆಗೆ ಬಂದರೂ ಸಂಸ್ಥಾನವಾಗಿಯೇ ಉಳಿಯಿತು. ಆದಕಾರಣ 1844ರ ಕಾಯಿದೆಯು ಇಲ್ಲಿಗೆ ತಾನಾಗಿ ಅನ್ವಯಿಸಲಿಲ್ಲ. ಧಾರವಾಡದ ಕಸಬುದಾರನಿಗೆ ಕಾಯಿದೆಯಿಂದ ದೊರೆತದ್ದು ಸಂಸ್ಥಾನದ ಕಸಬುದಾರನಿಗೆ ದರಬಾರದ ಮರ್ಜಿಯಿಂದ ದೊರೆಯಬೇಕಾಗಿದ್ದಿತು. 1948ರ ಮಾರ್ಚ 8ರಂದು ಜತ್ತವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ಮೊದಲು ದಕ್ಷಿಣ ಸಾತಾರಾ ಎನಿಸಿ 1960ರಲ್ಲಿ ಸಾಂಗಲಿ ಎಂದು ಹೆಸರು ಪಡೆದ ಜಿಲ್ಲೆಯನ್ನು ಸೇರಿದ ಮೇಲೆಯೇ ಈ ಸೀಮೆಯ ಕಂಬಳಿಯ ಮಗ್ಗಕ್ಕೂ ಖಾಲಸಾ ಸೀಮೆಯ ಸೀರೆಯ ಮಗ್ಗಕ್ಕೂ ಒಂದೇ ಕಾಯಿದೆಯ ನೆರಳು ದೊರೆಯಿತು.

ಉಳಿದ ಕನ್ನಡ ಸೀಮೆಗಳಲ್ಲಿಯೂ ಇದೇ ಕಥೆ ಬೇರೆಬೇರೆ ವೇಗದಲ್ಲಿ ನಡೆಯಿತು. ಮೈಸೂರಿನಲ್ಲಿ ಮಾರ್ಕ್ ಕಬ್ಬನ್ನನು ಕಮಿಶನರನಾಗಿದ್ದ 1834ರಿಂದ 1861ರವರೆಗಿನ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟದ್ದಕ್ಕೆ, ಅದರ ತಲೆ ಬೋಳಿಸಿದ್ದಕ್ಕೆ ಸಹ ತೆರಿಗೆ ಇದ್ದಿತೆಂದರೆ ಇಂದಿನ ಮಕ್ಕಳು ನಕ್ಕಾರು. ಆದರೂ ಮನೆ, ಮಗ್ಗ, ಗಾಣ, ಅಂಗಡಿಗಳ ಮೇಲಿನ ಮೊಹತರ್ಫಾ ಅಲ್ಲಿ ಇನ್ನೂ ಬಹುಕಾಲ ಉಳಿಯಿತು. ಬಳ್ಳಾರಿ, ದಕ್ಷಿಣ ಕನ್ನಡ, ಕಾಸರಗೋಡುಗಳನ್ನು ಒಳಗೊಂಡ ಮದ್ರಾಸ ಇಲಾಖೆಯಲ್ಲಿ 1852ರಲ್ಲಿ ಸ್ಥಾಪಿತವಾದ ಮದ್ರಾಸ ನೇಟಿವ ಅಸೋಸಿಯೇಶನ್ನು ಇಂಗ್ಲಂಡಿನ ಪಾರ್ಲಿಮೆಂಟಿಗೆ ಬರೆದ ಅರ್ಜಿಯಲ್ಲಿ ಮೊಹತರ್ಫೆಯ ಕಿರುಕುಳವನ್ನು ಎತ್ತಿ ಹೇಳಿತು. 1860ರಲ್ಲಿ ವರಮಾನ ತೆರಿಗೆ ಬಂದ ಸುಮಾರಿಗೆ ಅಲ್ಲಿಯೂ ಅದು ಅಳಿಯಿತು.

ಆದರೆ ಹೊರಗೆ ಹಾಕಿದ ತೆರಿಗೆಯು ಹಿತ್ತಲಿನ ಬಾಗಿಲಿನಿಂದ ಒಳಗೆ ಬರುವದೂ ಉಂಟು. 1876ರಿಂದ 1878ರವರೆಗಿನ ಭೀಕರ ಬರವು ವಿಜಾಪುರ ಸೊಲ್ಲಾಪುರಗಳ ಬಯಲನ್ನು ಬರಿದುಮಾಡಿತು. ಬರದ ಖರ್ಚಿಗಾಗಿ ನಿಧಿ ಕೂಡಿಸಬೇಕೆಂದು 1878ರಲ್ಲಿ ಮುಂಬಯಿ ಇಲಾಖೆಯಲ್ಲಿ ವ್ಯಾಪಾರ ಕಸಬುಗಳ ಮೇಲೆ ಲೈಸೆನ್ಸ ತೆರಿಗೆಯನ್ನು ಹಾಕಿದರು. ವರ್ಷಕ್ಕೆ 100 ರೂಪಾಯಿ ಗಳಿಸುವವನೂ ಅದರ ಬಲೆಯಲ್ಲಿ ಬಿದ್ದನು. ಬರದಲ್ಲಿ ಬೆಂದವನಿಂದಲೇ ಬರದ ನಿಧಿಯನ್ನು ಕೂಡಿಸುವ ಈ ಕ್ರಮಕ್ಕೆ ಸುರತದಲ್ಲಿ ಮತ್ತೊಮ್ಮೆ ದೊಂಬಿಯಾಯಿತು. 1880ರಲ್ಲಿ 500 ರೂಪಾಯಿಗಿಂತ ಕಡಿಮೆ ಗಳಿಕೆಯವರನ್ನು ಬಿಟ್ಟುಕೊಟ್ಟರು. ಸಣ್ಣವನಿಗೆ ಒಂದು ಗೆರೆ ಎಳೆದು, ಅದರ ಕೆಳಗಿರುವವನನ್ನು ಮುಟ್ಟಬಾರದೆಂಬ ಪದ್ಧತಿ ಹೀಗೆ ಬೇರೂರಿತು.

ತೆರಿಗೆಯ ಕಾಟ ಹೀಗೆ ತಗ್ಗುತ್ತಿರಲು ಸಾಲದ ಕಾಟ ಮೇಲೆದ್ದಿತು. ಸರಕಾರ ಬಿಟ್ಟ ಮಗ್ಗವನ್ನು ಸಾಹುಕಾರನು ಹೊತ್ತೊಯ್ಯಬಹುದಲ್ಲವೆ? 1875ರಲ್ಲಿ ಪುಣೆ ಅಹಮದನಗರಗಳ ರೈತರು ಸಾಹುಕಾರರ ದಫ್ತರಗಳನ್ನು ಸುಟ್ಟ ಸಂಗತಿ ಪ್ರಸಿದ್ಧವಾಗಿದೆ. ಅದರ ಬೆನ್ನಿಗೆ 1877ರ ದಿವಾಣಿ ಸಂಹಿತೆಯು ಕಸಬುದಾರರ ಹತ್ಯಾರಗಳನ್ನು ಹುಕುಮನಾಮೆಯ ವಸೂಲಿಗಾಗಿ ಜಪ್ತಿ ಮಾಡಬಾರದೆಂದಿತು. ಇಂದು ಜಾರಿಯಲ್ಲಿರುವ 1908ರ ದಿವಾಣಿ ಸಂಹಿತೆಯ 60ನೆಯ ಕಲಮು ಅದನ್ನೇ ಮುಂದುವರಿಸಿದೆ. ತೊಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಧರ್ಮದ ರೂಢಿಗೆ ಅನುಸಾರವಾಗಿ ಹೆಂಗಸು ಅಗಲಬಾರದ ಆಭರಣ, ಇವುಗಳ ಸಾಲಿನಲ್ಲಿಯೇ ಕಸಬುದಾರನ ಹತ್ಯಾರಗಳನ್ನೂ, ಒಕ್ಕಲಿಗನ ನೇಗಿಲು ಎತ್ತು ಬೀಜಗಳನ್ನೂ ಅದು ಇರಿಸಿದೆ. ತಾಳಿಯಷ್ಟೇ ಅಗಲಬಾರದ ವಸ್ತು ಉಳಿ ಎಂದು ಕಾಯಿದೆಯೇ ಒಪ್ಪಿದಂತಾಯಿತು. ಈ ವಿವೇಕವು ಬಹು ಪ್ರಾಚೀನವಾದದ್ದು. ಯೆಹೂದ್ಯರ ಹಳೆಯ ಧರ್ಮಗ್ರಂಥವು ಬೀಸುವ ಕಲ್ಲನ್ನು ಯಾರೂ ಒತ್ತೆಯಾಗಿ ತೆಗೆದುಕೊಳ್ಳಬಾರದೆಂದು ನಿಷೇಧಿಸಿದೆ. ಬೀಸುಕಲ್ಲನ್ನು ಒಯ್ದವನು ಜೀವವನ್ನೇ ಒತ್ತೆ ಒಯ್ದಂತೆ ಎಂಬದು ಅದರ ಆಶಯ.

ಕಾಯಿದೆಯ ಮಾತು ಚಿಕ್ಕದು, ಅದರ ಅರ್ಥ ವಿವಾದದ್ದು. ಹತ್ಯಾರ ಎಲ್ಲಿ ಮುಗಿಯುತ್ತದೆ, ಯಂತ್ರ ಎಲ್ಲಿ ಮೊದಲಾಗುತ್ತದೆ? ಸಿಂಪಿಗನ ಕತ್ತರಿ ಹತ್ಯಾರವೆಂದು ಎಲ್ಲರೂ ಒಪ್ಪುವರು. ಅವನ ಹೊಲಿಗೆಯ ಯಂತ್ರ? ಎಂಜಿನಿನಿಂದ ನಡೆಯುವ ಹಿಟ್ಟಿನ ಗಿರಣಿ? ಇಂಥ ಪ್ರಶ್ನೆಗಳು ನ್ಯಾಯಾಲಯಗಳ ಮುಂದೆ ಬರುತ್ತಲೇ ಇವೆ. ತನ್ನ ಕೈಯಿಂದ ತಾನೇ ದುಡಿಯುವವನ ಉಪಕರಣವನ್ನು ರಕ್ಷಿಸುವದೇ ಕಾಯಿದೆಯ ಉದ್ದೇಶ. ಕೂಲಿಯವರನ್ನು ಇಟ್ಟು ಬಂಡವಾಳ ಬೆಳೆಸುವವನ ಯಂತ್ರವನ್ನಲ್ಲ. ಗೆರೆ ಮಾತ್ರ ಯಾವಾಗಲೂ ಸ್ಪಷ್ಟವಾಗಿ ಕಾಣುವದಿಲ್ಲ.

ಇದೇ ಗೆರೆಯ ಸಮಸ್ಯೆ ಬಟ್ಟೆಯ ತೆರಿಗೆಯಲ್ಲಿಯೂ ಕಾಣುತ್ತದೆ. 1896ರಲ್ಲಿ ಗಿರಣಿಯ ಅರಿವೆಯ ಮೇಲೆ ನೂರಕ್ಕೆ ಮೂರೂವರೆಯಂತೆ ಅಬಕಾರಿ ಸುಂಕ ಬಂತು, 1926ರಲ್ಲಿ ಹೋಯಿತು. ಲ್ಯಾಂಕಶಾಯರದ ಗಿರಣಿಗಳ ಹಿತಕ್ಕಾಗಿ ಹಾಕಿದ ಆ ಸುಂಕವನ್ನು ನಮ್ಮ ದೇಶಭಕ್ತರು ಖಂಡಿಸಿದ್ದು ನ್ಯಾಯವೇ ಆಗಿದ್ದಿತು. ಆದರೂ ಕೈಮಗ್ಗದ ಬಟ್ಟೆಗೆ ಆ ಸುಂಕ ತಗಲಲಿಲ್ಲವೆಂಬದು ಗಮನಿಸತಕ್ಕ ಸಂಗತಿ. ಸ್ವಾತಂತ್ರ್ಯಾನಂತರ 1953ರ ಕಾಯಿದೆಯೊಂದು ಗಿರಣಿಯ ಬಟ್ಟೆಯ ಮೇಲೆ ಹೆಚ್ಚಿನ ಸುಂಕ ಹಾಕಿ ಅದನ್ನು ಖಾದಿ ಕೈಮಗ್ಗಗಳ ಅಭಿವೃದ್ಧಿಗೆ ತೆಗೆದಿರಿಸಿತು. ಆದರೆ ವಿದ್ಯುತ್ತಿನ ಮಗ್ಗಗಳಿಗೆ ವಿನಾಯಿತಿಯ ಗೆರೆಯನ್ನು ಎಳೆದಾಗ ಬೇರೊಂದು ಚಮತ್ಕಾರ ನಡೆಯಿತು. ಕೆಲವೇ ಮಗ್ಗಗಳುಳ್ಳ ಸಣ್ಣ ಘಟಕಗಳಿಗೆ ಸುಂಕ ಇಲ್ಲವೆಂದೊಡನೆ, ಅನೇಕ ಮಗ್ಗಗಳ ಒಡೆಯರು ಅವುಗಳನ್ನು ಹೆಂಡತಿ, ತಮ್ಮ, ಅಳಿಯಂದಿರ ಹೆಸರಿನಲ್ಲಿ ಒಡೆದು ಹಂಚಿದರು. ಒಂದೇ ಮಾಡು, ಒಂದೇ ಗದ್ದಲ. ಕಾಗದದಲ್ಲಿ ಮಾತ್ರ ಹತ್ತು ಮಾಲಕರು! ವಿನಾಯಿತಿಯು ಸಣ್ಣವನಿಗೆ ಆಸರೆಯಾಗುವಂತೆ ದೊಡ್ಡವನಿಗೆ ಮರೆಯೂ ಆಗಬಲ್ಲದು.

ಇಂದಿನ ಸ್ಥಿತಿ ಏನು? ನಮ್ಮ ಸಂವಿಧಾನವು ರಾಜ್ಯಗಳಿಗೆ ಭೂಮಿ ಮತ್ತು ಕಟ್ಟಡಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ಕಸಬು, ವ್ಯಾಪಾರ, ನೌಕರಿಗಳ ಮೇಲೂ ಕೊಟ್ಟಿದೆ. ಆದರೆ ಈ ಎರಡನೆಯದಕ್ಕೆ 276ನೆಯ ಅನುಚ್ಛೇದವು ಒಂದು ಕಟ್ಟೆ ಕಟ್ಟಿದೆ. ಮೊದಲು ವರ್ಷಕ್ಕೆ 250 ರೂಪಾಯಿಗಿಂತ ಹೆಚ್ಚು ಹಾಕುವಂತಿರಲಿಲ್ಲ. 1988ರ ತಿದ್ದುಪಡಿಯಿಂದ ಅದು 2,500 ರೂಪಾಯಿ ಆಯಿತು. ಮುಂಬಯಿ ನಗರಪಾಲಿಕೆಯ 1888ರ ಕಾಯಿದೆಯಂತೆ, ಕಟ್ಟಡದ ಕರಯೋಗ್ಯ ಬೆಲೆ ಕಟ್ಟುವಾಗ ಒಳಗಿರುವ ಯಂತ್ರಗಳ ಬೆಲೆಯನ್ನು ಅದರಲ್ಲಿ ಸೇರಿಸುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಪಂಚಾಯತಿಯು ಘರಪಟ್ಟಿ ಕೇಳುವದು ಗೋಡೆ ಮಾಡುಗಳಿಗೆ. ಒಳಗೆ ಇರುವ ಅಡಿಗಲ್ಲಿಗೂ ತಿಗರಿಗೂ ಅಲ್ಲ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗಲೂ ಕೈಮಗ್ಗ, ಚರಖಾ, ಗುದ್ದಲಿ ಸನಿಕೆಗಳಂಥ ಸಾಧನಗಳನ್ನು ಶೂನ್ಯದರದಲ್ಲಿ ಇರಿಸಲಾಯಿತು. ಇದು ಜಗತ್ತಿನಲ್ಲೆಲ್ಲ ಹೀಗೆಯೇ ಇದೆಯೆಂದು ತಿಳಿಯಬಾರದು. ಅಮೇರಿಕೆಯ ಅನೇಕ ರಾಜ್ಯಗಳಲ್ಲಿ ಅಂಗಡಿ ಕಾರಖಾನೆಗಳ ಉಪಕರಣಗಳ ಮೇಲೆ ಆಸ್ತಿ ತೆರಿಗೆ ಇಂದಿಗೂ ಉಂಟು. ಅಲ್ಲಿಯ ಮಿಶಿಗನ್ ರಾಜ್ಯವು 2014ರಿಂದ 80,000 ಡಾಲರಿಗಿಂತ ಕಡಿಮೆ ಬೆಲೆಯ ಉಪಕರಣಗಳುಳ್ಳ ಸಣ್ಣ ವ್ಯಾಪಾರಿಗಳನ್ನು ಅದರಿಂದ ಬಿಟ್ಟಿತು. 2023ರಲ್ಲಿ ಆ ಗೆರೆಯನ್ನು 180,000 ಡಾಲರಿಗೆ ಏರಿಸಿತು. ನಮ್ಮಲ್ಲಿ 1844ರಲ್ಲಿ ಚರ್ಚೆಗೆ ಬಂದದ್ದು ಅಲ್ಲಿ ನಮ್ಮ ಕಣ್ಣೆದುರಿನಲ್ಲಿಯೇ ಚರ್ಚೆಯಾಗುತ್ತಿದೆ.

ಈ ದೀರ್ಘ ಕಥೆಯಿಂದ ನಾವು ಕಲಿಯಬೇಕಾದದ್ದೇನು? ದೇವರ ಹೆಸರಿನ ಮಾಫಿ, ಅರಸನ ಮೆಚ್ಚಿಗೆಯ ಮಾಫಿ, ಕಾಯಿದೆಯ ಮಾಫಿ ಎಂದು ಮೂರು ಮೆಟ್ಟಿಲುಗಳನ್ನು ನಾವು ಏರಿ ಬಂದಿದ್ದೇವೆ. ಮೊದಲನೆಯದು ಒಡೆಯನನ್ನು ನೋಡಿತು. ಎರಡನೆಯದು ಸೇವೆಯನ್ನು ನೋಡಿತು. ಮೂರನೆಯದು ದುಡಿಯುವ ಸಾಧನವನ್ನು ನೋಡಿತು. ಆದರೆ ಒಂದು ಮೆಟ್ಟಿಲು ಇನ್ನೂ ಉಳಿದಿದೆ. ತೆರಿಗೆಯಿಂದಲೂ ಜಪ್ತಿಯಿಂದಲೂ ಹತ್ಯಾರವನ್ನು ಉಳಿಸಿದ ಕಾಯಿದೆಯು, ಅದಕ್ಕೆ ಕೆಲಸವನ್ನು ಮಾತ್ರ ಒದಗಿಸಿಕೊಡಲಾರದು. ಮಗ್ಗದೆರೆ ಹೋಯಿತು, ಮಗ್ಗಗಳು ಎಷ್ಟು ಉಳಿದವು? ಗಾಣದೆರೆ ಹೋಯಿತು, ಎತ್ತಿನ ಗಾಣದ ಕಿರುಗುಟ್ಟುವ ಸದ್ದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನ ಕೇಳಿದ್ದಾರೆ? ತೆರಿಗೆಯ ಭಾರದಿಂದ ಸಾಯದ ಕಸಬು ಗಿರಾಕಿ ಇಲ್ಲದೆ ಸಾಯಬಹುದು. ಮಾಫಿ ಒಳ್ಳೆಯದು; ಮಾಫಿ ಒಂದೇ ಸಾಲದು.

ಮುಂದಿನ ಖಂಡೇಪೂಜೆಗೆ ಶಿಕ್ಷಕರು ಒಂದು ಕೆಲಸ ಮಾಡಿಸಲಿ ಎಂದು ನಮ್ಮ ವಿನಂತಿ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಪೂಜೆಗಿಟ್ಟ ಹತ್ಯಾರಗಳ ಹೆಸರನ್ನು ಹಿರಿಯರನ್ನು ಕೇಳಿ ಬರೆದು ತರಲಿ. ಯಾವದು ಯಾತಕ್ಕೆ ಬರುತ್ತದೆ, ಯಾರು ಮಾಡಿಕೊಟ್ಟದ್ದು, ಎಷ್ಟು ತಲೆಮಾರಿನಿಂದ ಇದೆ, ಇನ್ನೂ ನಡೆಯುತ್ತದೆಯೋ ಮೂಲೆ ಸೇರಿದೆಯೋ ಎಂದು ಕೇಳಲಿ. ಹಿಂದೆ ಸರಕಾರದ ಆಳು ಓಣಿಗೆ ಬಂದು ಹತ್ಯಾರಗಳನ್ನು ಎಣಿಸಿದ್ದು ತೆರಿಗೆಗಾಗಿ. ಈಗ ನಮ್ಮ ಮಕ್ಕಳು ತಿಳಿವಳಿಕೆಗಾಗಿ ಅವುಗಳನ್ನು ಒಮ್ಮೆ ಎಣಿಸಲಿ. ಆ ಎಣಿಕೆಯ ಹಾಳೆಗಳೇ ಈ ಸೀಮೆಯ ಇತಿಹಾಸಕ್ಕೆ ಒಳ್ಳೆಯ ಸಾಮಗ್ರಿಯಾದಾವು.